ತಲೆ ಸವರಿದ ಪಾವು

ನನ್ನ ಹೆಂಡತಿ ತೀರಿಕೊಂಡ ಮಾರನೆಯ ದಿನ ಅವಳ ತಮ್ಮನ ಹೆಂಡತಿ ನಮ್ಮ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದಳು. ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ ನನಗೆ ಅವಳ ಕೈ ಕಾಣಿಸುತ್ತಿತ್ತು. ಹಿತ್ತಾಳೆಯ ಪಾವಿನಲ್ಲಿ ಅಕ್ಕಿ ಮೊಗೆದಳು, ಅಂಗೈಯಿಂದ ಅದರ ತಲೆ ಸವರಿದಳು, ಹೆಚ್ಚಾದದ್ದನ್ನು ಡಬ್ಬಕ್ಕೇ ಬೀಳಿಸಿ ಉಳಿದದ್ದನ್ನು ಪಾತ್ರೆಗೆ ಸುರಿದಳು. ಪಾವಗಡದ ಕಡೆ, ವಳ್ಳೂರಿನ ನನ್ನ ಹೆಂಡತಿಯ ತವರುಮನೆಯಲ್ಲಿ ಹಾಗೆ ಸವರಿ ಅಳೆಯುವುದು ಸಾವಾದಾಗ ಮಾತ್ರ. ಬೇರೆ ದಿನಗಳಲ್ಲಿ ಪಾವಿನ ಮೇಲೆ ಅಕ್ಕಿ ಗೋಪುರದ ಹಾಗೆ ನಿಲ್ಲಬೇಕು, ನಿಲ್ಲಲಾರದೆ ನಾಲ್ಕು ಕಾಳು ತಾನಾಗಿ ಉದುರಬೇಕು. ತಲೆ ಸವರಿದರೆ ಆ ಮನೆಯ ಏಳಿಗೆಯನ್ನೇ ಸವರಿದ ಹಾಗೆ ಎಂದು ಅವರು ತಿಳಿದಿದ್ದಾರೆ.

ಮದುವೆಯಾದ ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದನ್ನು ಮರ್ಯಾದೆಯಿಂದ ಕಂಡವನಲ್ಲ ನಾನು. ಅದರಿಂದ ಏನಾಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಊರು ದೊಡ್ಡೇರಿಯ ಹತ್ತಿರ. ಐವತ್ತರ ದಶಕದ ನಡುವಿನಲ್ಲಿ ಕೊರಟಗೆರೆಯ ಒಂದು ಡಿಪೋದಲ್ಲಿ ಅಕ್ಕಿ ರಾಗಿ ಅಳೆದು ಕೊಡುವ ಕೆಲಸ ಸಿಕ್ಕಿತು. ಆಮೇಲೆ ಮಧುಗಿರಿಗೆ ಹಾಕಿದರು. ಆಗೆಲ್ಲ ಸೇರು, ಪಾವುಗಳಲ್ಲೇ ಅಳತೆ. ನಾಲ್ಕು ಪಾವಿಗೆ ಒಂದು ಸೇರು. ಡಿಪೋದಲ್ಲಿ ಒಂದು ದುಂಡು ಕೋಲು ಇತ್ತು. ಸೇರು ತುಂಬಿಸಿ ಕೋಲಿನಿಂದ ತಲೆ ಸವರಿಯೇ ಕೊಡಬೇಕು ಎಂಬುದು ನಿಯಮ. ಹೆಂಗಸರು ಬೈದುಕೊಂಡೇ ಸೆರಗೊಡ್ಡುತ್ತಿದ್ದರು. "ಆ ಕೋಲನ್ನ ನಿನ್ನ ಒಲೆಗೆ ಹಾಕ" ಎಂದು ಕೊರಟಗೆರೆಯ ಒಬ್ಬ ಮುದುಕಿ ಪ್ರತಿ ವಾರವೂ ಹೇಳಿ ಹೋಗುತ್ತಿದ್ದಳು. ನಾನು ಜವಾಬು ಕೊಡುತ್ತಿರಲಿಲ್ಲ. ಜವಾಬು ಕೊಡದೆ ಇರುವುದು ನನ್ನ ಸ್ವಭಾವ. ಅದನ್ನು ಕೆಲವರು ಒಳ್ಳೆಯತನ ಅಂದುಕೊಂಡರು. ನನ್ನ ಹೆಂಡತಿ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಕಿಲೋ ಬಂತು. ಶಿರಾದಲ್ಲಿ ನಮ್ಮನ್ನೆಲ್ಲ ಕೂರಿಸಿ ಎರಡು ದಿನ ಹೊಸ ತೂಕದ ಪಾಠ ಮಾಡಿದರು. ಹೊಳೆಯುವ ತೂಕದ ಬಟ್ಟುಗಳು, ಹೊಸ ತಕ್ಕಡಿ. ನನಗೆ ಅದು ತುಂಬಾ ಹಿಡಿಸಿತು. ಸೇರಿನಲ್ಲಿ ಕೈಚಳಕಕ್ಕೆ ಜಾಗ ಇತ್ತು, ಒತ್ತಿ ತುಂಬಬಹುದು, ಸಡಿಲ ತುಂಬಬಹುದು. ತಕ್ಕಡಿಯಲ್ಲಿ ಅದು ನಡೆಯುವುದಿಲ್ಲ ಎಂದು ಪಾಠ ಹೇಳಿದವರು ಹೇಳಿದರು. ನಾನು ಅದನ್ನು ಮನೆಗೂ ಹೊತ್ತುಕೊಂಡು ಬಂದೆ. ಒಂದು ಪಾವು ಅಕ್ಕಿಯನ್ನು ಡಿಪೋದ ಕೋಲಿನಿಂದ ಸವರಿ ತೂಗಿದೆ. ಇನ್ನೂರ ನಲವತ್ತು ಗ್ರಾಂ. ಆ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸ್ವಲ್ಪ ದಿನಕ್ಕೇ ಮದುವೆಯಾಯಿತು. ಹೆಂಡತಿ ಇಷ್ಟು ಪಾವು ಬೇಕು ಅಂದರೆ ನಾನು ಗುಣಿಸಿ, ಗ್ರಾಂ ಮಾಡಿ, ಪೊಟ್ಟಣ ಕಟ್ಟಿಸಿ ತರುತ್ತಿದ್ದೆ.

ಅವಳು ಬಂದ ಎರಡನೇ ತಿಂಗಳಿಗೇ ನನಗೆ ಹೆಸರಿಟ್ಟಳು. ನೇರವಾಗಿ ಮಾತಾಡುತ್ತಿರಲಿಲ್ಲ, ಒಲೆಗೋ ಬಾಗಿಲಿಗೋ ಹೇಳುತ್ತಿದ್ದಳು. "ತೂಕದೋರು ಬಂದ್ರು. ಇವತ್ತು ಉಪ್ಪು ಎಷ್ಟು ಗ್ರಾಂ ಉಣ್ಣಬೇಕೋ ಅಪ್ಪಣೆ ಆಗಲಿ."

"ಪಾವಿಗೆ ಇನ್ನೂರ ನಲವತ್ತು. ಅದರಲ್ಲೇನು ತಮಾಷೆ?" ಎನ್ನುತ್ತಿದ್ದೆ.

"ಒಲೆಗೆ ಕಿಲೋ ಗೊತ್ತಿಲ್ಲ ಕಣಮ್ಮ. ಅದು ಇಸ್ಕೂಲಿಗೆ ಹೋಗಿಲ್ಲ." ಇದನ್ನು ಪಕ್ಕದ ಮನೆಯಾಕೆಗೆ ಕೇಳುವ ಹಾಗೆ, ಗೋಡೆಯ ಆಚೆಗೆ ಹೇಳುತ್ತಿದ್ದಳು.

ಮನೆಯಲ್ಲಿ ದಿನಾ ಸ್ವಲ್ಪ ಸಾಲದೇ ಬರುತ್ತಿತ್ತು. ಅವಳು ತಾನು ಕಡಿಮೆ ಉಂಡು ಸರಿಮಾಡಿಕೊಳ್ಳುತ್ತಿದ್ದಳು ಎಂದು ಈಗ ತಿಳಿಯುತ್ತದೆ. ಆಗ, ಅವಳ ಕೈಯಲ್ಲಿ ಅಳತೆ ಇಲ್ಲ, ಪೋಲು ಮಾಡುತ್ತಾಳೆ ಎಂದುಕೊಂಡಿದ್ದೆ. ಒಂದೆರಡು ಸಲ ಹಾಗೆ ಹೇಳಿಯೂ ಇದ್ದೆ.

ಅವಳಿಗೆ ಆಸೆ ಅಂತ ಇದ್ದದ್ದು ಒಂದೇ. ಅವಳಪ್ಪ ಒಂದು ಸಲ ನಮ್ಮ ಮನೆಗೆ ಬಂದು ಕೂತು ಹೊಟ್ಟೆ ತುಂಬ ಉಣ್ಣಬೇಕು. ಮಾವನಿಗೆ ಈ ಸಂಬಂಧ ಬೇಡವಾಗಿತ್ತು. ಹೊಲ ಇಲ್ಲದವನು, ಬೇರೆಯವರ ಅಕ್ಕಿ ಅಳೆದು ಕೊಡುವವನು ಎಂದು ನನ್ನನ್ನು ತಳ್ಳಿಹಾಕಿದ್ದರು. ಅತ್ತೆಯ ಹಟಕ್ಕೆ ಮದುವೆ ನಡೆಯಿತು. ಧಾರೆಯ ದಿನವೇ ನನ್ನ ಅಣ್ಣನಿಗೂ ಮಾವನಿಗೂ ಮಾತಿಗೆ ಮಾತು ಬೆಳೆದು, ಮಾವ ನಮ್ಮ ಮನೆಯ ಹೊಸಿಲು ತುಳಿಯುವುದಿಲ್ಲ ಅಂದುಬಿಟ್ಟರು. ಎರಡು ವರ್ಷ ಬರಲಿಲ್ಲ. ಅವರು ಬಂದರೆ, ಉಂಡರೆ, ತನ್ನ ಸಂಸಾರ ಸರಿಯಾಗಿದೆ ಎಂದು ವಳ್ಳೂರಿಗೆಲ್ಲ ತಿಳಿಯುತ್ತದೆ ಎಂಬುದು ಅವಳ ಲೆಕ್ಕ.

ಮೊದಲ ಮಗನಿಗೆ ಜವಳ ತೆಗೆಸುವ ದಿನ ಗೊತ್ತಾಯಿತು. ಅವಳ ತಮ್ಮ ಬಂದು, ಅಪ್ಪ ಬರಲು ಒಪ್ಪಿದ್ದಾರೆ ಎಂದು ಹೇಳಿಹೋದ. ಅವತ್ತಿನಿಂದ ಅವಳು ನೆಲಕ್ಕೆ ಸಗಣಿ ಸಾರಿಸಿದ್ದೇ ಸಾರಿಸಿದ್ದು. ನನ್ನ ಹತ್ತಿರ ನೇರವಾಗಿ ಮಾತಾಡಿದಳು. "ನಮ್ಮ ಕಡೆಯೋರು ಹನ್ನೊಂದು ಜನ, ನಿಮ್ಮ ಕಡೆಯೋರು ಹದಿನೆಂಟು. ಅನ್ನಕ್ಕೆ ಇಪ್ಪತ್ತು ಪಾವು ಬೇಕು."

ಇಪ್ಪತ್ತನ್ನು ಇನ್ನೂರ ನಲವತ್ತರಿಂದ ಗುಣಿಸಿದೆ. ನಾಲ್ಕು ಕಿಲೋ ಎಂಟುನೂರು ಗ್ರಾಂ. ಮಾವ ಬರುತ್ತಿದ್ದಾರಲ್ಲ ಎಂದು ಧಾರಾಳ ಮಾಡಿ ಐದು ಕಿಲೋ ತಂದೆ. ಇನ್ನೂರು ಗ್ರಾಂ ಹೆಚ್ಚಿಗೆ ತಂದಿದ್ದೇನೆ ಎಂದು ಹೇಳಿಯೂ ಕೊಟ್ಟೆ.

ಜವಳದ ದಿನ ಬೆಳಿಗ್ಗೆ ಅವಳು ತನ್ನ ಪಾವಿನಲ್ಲಿ ಅಳೆದಳು. ಅವಳ ರೀತಿಯಲ್ಲಿ, ತಲೆ ತುಂಬ. ಹದಿನಾರು ಆಗಿ, ಹದಿನೇಳನೆಯದು ತುಂಬಲಿಲ್ಲ. ಪಾವನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು.

"ಮೂರು ಪಾವಿನ ಮೇಲೆ ಕಮ್ಮಿ ಇದೆ."

"ಇಲ್ಲ. ಐದು ಕಿಲೋ ನಾನೇ ತೂಗಿದ್ದು."

"ತೂಗಿದ್ದು ಸರಿ. ಪಾವಿಗೆ ಬರ್ತಿಲ್ವಲ್ಲ."

"ನಿನ್ನ ಪಾವು ಸುಳ್ಳು ಹೇಳುತ್ತೆ. ತಕ್ಕಡಿ ಹೇಳಲ್ಲ."

ಅವಳು ದನಿ ತಗ್ಗಿಸಿ, ಪಕ್ಕದ ಮನೆಯಲ್ಲಿ ನಾಲ್ಕು ಪಾವು ಕಡ ತರುತ್ತೇನೆ, ಸಂಜೆಗೆ ಕೊಟ್ಟರಾಯಿತು ಎಂದಳು. ಡಿಪೋದಲ್ಲಿ ಊರಿಗೆಲ್ಲ ಅಕ್ಕಿ ತೂಗುವವನ ಮನೆಯಿಂದ ಅಕ್ಕಿ ಕಡಕ್ಕೆ ಹೋಗುವುದೇ? ನಾನು ಬಾಗಿಲಿಗೆ ಅಡ್ಡ ನಿಂತೆ. "ಹೊಸಿಲು ದಾಟಿದ್ರೆ ನೋಡು" ಅಂದೆ. ಅವಳು ದಾಟಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮಾವನ ಕಡೆಯವರು ಬರಬೇಕಿದ್ದ ಪಾವಗಡದ ಬಸ್ಸು ಅವತ್ತು ತಡವಾಯಿತು. ಕಾಯುವುದಕ್ಕೆ ಅಣ್ಣ ಒಪ್ಪಲಿಲ್ಲ. "ಲೇ, ಅವ್ರು ಬರೋ ಹೊತ್ತಿಗೆ ನಮ್ಮ ಹೊಟ್ಟೆ ಬೆನ್ನಿಗೆ ಅಂಟ್ಕೊಳುತ್ತೆ, ಎಲೆ ಹಾಕ್ಸು" ಅಂದ. ದೊಡ್ಡೇರಿ ಕಡೆಯವರೆಲ್ಲ ಮೊದಲ ಪಂಕ್ತಿಗೆ ಕೂತರು. ಅನ್ನ ಕಂಡರೆ ತಡೆದುಕೊಳ್ಳುವವರಲ್ಲ ನಮ್ಮವರು. ದಿನಾ ಮುದ್ದೆ ಉಣ್ಣುವವರಿಗೆ ಅನ್ನ ಅಂದರೆ ಹಬ್ಬ. ಎರಡು ಸಲ, ಮೂರು ಸಲ ಹಾಕಿಸಿಕೊಂಡರು. ಅವಳು ಬಡಿಸುತ್ತಾ ಬಡಿಸುತ್ತಾ ನನ್ನ ಮುಖ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಮಾವನೂ ಅವರ ಕಡೆಯವರೂ ಕೂತಾಗ ಎಲೆಗೆ ಒಂದೊಂದೇ ಸಲ ಅನ್ನ ಬಂತು. ಅದಕ್ಕೆ ಬೇಳೆಸಾರು. ಎರಡನೇ ಸಲ ಅವಳು ಬಂದಾಗ ಪಾತ್ರೆಯ ತಳಕ್ಕೆ ಸೌಟು ಕೆರೆಯುವ ಶಬ್ದ ಎಲ್ಲರಿಗೂ ಕೇಳಿಸಿತು. ಸಾಲಿನ ಕೊನೆಗೆ ಮಾವ ಇದ್ದರು. ಅವರು ತಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು, ತೆಲುಗಿನಲ್ಲಿ, "ಚಾಲಮ್ಮಾ, ಕಡುಪು ನಿಂಡಿಂದಿ" ಅಂದರು. ಸಾಕಮ್ಮ, ಹೊಟ್ಟೆ ತುಂಬಿತು ಎಂದು. ಮಜ್ಜಿಗೆ ಅನ್ನ ಇಲ್ಲದೆ ಎಲೆ ಬಿಟ್ಟು ಎದ್ದರು. ಅವರು ಎದ್ದದ್ದು ನೋಡಿ ಉಳಿದ ಹತ್ತು ಜನವೂ ಎದ್ದರು.

ನನ್ನ ಅಣ್ಣ ವೀಳ್ಯದೆಲೆ ಮಡಿಸುತ್ತಾ, "ಹೆಣ್ಣಿನ ಕಡೆಯೋರು ಹೊಟ್ಟೆ ಸಣ್ಣದು ಮಾಡ್ಕೊಂಡೇ ಬಂದವ್ರೆ" ಎಂದು ನಕ್ಕ. ಯಾರೂ ಅವನ ಜೊತೆ ನಗಲಿಲ್ಲ. ಮಾವ ಮೊಮ್ಮಗನ ಬೋಳು ತಲೆ ನೇವರಿಸಿ, ಕೈಗೆ ಒಂದು ರೂಪಾಯಿ ಇಟ್ಟು, ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದರು.

ಆ ರಾತ್ರಿ ಅವಳು ಬೈಯಲಿಲ್ಲ, ಅಳಲೂ ಇಲ್ಲ. ಎಂಜಲು ಎಲೆಗಳನ್ನು ಹೊರಗೆ ಹಾಕಿ ಬಂದು, "ನಮ್ಮಪ್ಪನ್ನ ಹಸಿದು ಕಳಿಸಿದ್ರಿ" ಅಂದಳು. ಬಸ್ಸು ತಡ ಆದದ್ದಕ್ಕೆ ಹೀಗಾಯಿತು ಎಂದೆ.

ಆಮೇಲಿನ ಎರಡು ವರ್ಷ ಆ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಇದ್ದ ಹಾಗೆ ಇದ್ದೆವು. ನಾನು ತಂದ ಪೊಟ್ಟಣಗಳನ್ನು ಅವಳು ನನ್ನೆದುರಿಗೇ ಪಾವಿನಲ್ಲಿ ಅಳೆದು, ಎಷ್ಟು ಸಾಲದು ಎಂದು ದನಿ ಎತ್ತಿ ಹೇಳುತ್ತಿದ್ದಳು. "ಅರ್ಧ ಪಾವು ತಿಂದ್ಕೊಂಡ್ರು ತೂಕದೋರು." ತೊಗರಿಬೇಳೆಗೂ ಹಾಗೆ, ರಾಗಿಹಿಟ್ಟಿಗಂತೂ ಇನ್ನೂ ಹೆಚ್ಚು. ಹಿಟ್ಟಿನ ವಿಷಯಕ್ಕೆ ಒಂದು ದಿನ ತಟ್ಟೆ ನೂಕಿದೆ. ಅವಳು ತಟ್ಟೆಯನ್ನು ಎತ್ತಲಿಲ್ಲ. ಇರುವೆ ಮುತ್ತಿ ಸಂಜೆಯವರೆಗೆ ಅದು ಅಲ್ಲೇ ಬಿದ್ದಿತ್ತು. ಯಾರು ಎತ್ತಬೇಕು ಎಂಬುದು ಇಬ್ಬರಿಗೂ ಹಟ. ಕೊನೆಗೆ ಅದನ್ನು ಎತ್ತಿದವನು ನಾನೇ.

ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಒಂದು ಭಾನುವಾರ ಅವಳು ಬಟ್ಟೆ ಒಗೆಯಲು ಹೋಗಿದ್ದಳು. ಡಿಪೋದಿಂದ ಸಣ್ಣ ತಕ್ಕಡಿ ತಂದಿದ್ದೆ, ಯಾಕೆ ತಂದೆನೋ. ಅವಳ ಪಾವನ್ನು ತೆಗೆದು, ಅವಳು ಮಾಡುವ ಹಾಗೇ ಅಕ್ಕಿಯ ಗೋಪುರ ನಿಲ್ಲಿಸಿ ತೂಗಿದೆ. ಮುನ್ನೂರು ಗ್ರಾಂ. ನಂಬದೆ ಇನ್ನೂ ಎರಡು ಸಲ ತೂಗಿದೆ. ಇಪ್ಪತ್ತು ಪಾವಿಗೆ ಆರು ಕಿಲೋ. ನಾನು ತಂದದ್ದು ಐದು. ಸರಿಯಾಗಿ ಒಂದು ಕಿಲೋ ಕಡಿಮೆ ತಂದು, ಇನ್ನೂರು ಗ್ರಾಂ ಹೆಚ್ಚಿಗೆ ತಂದಿದ್ದೇನೆ ಎಂದು ಹೇಳಿದ್ದೆ. ರಾಗಿಹಿಟ್ಟು ತೂಗಿ ನೋಡಿದೆ. ಹಿಟ್ಟು ಹಗುರ, ಪಾವು ತುಂಬಿದರೂ ತೂಕ ಬರುವುದಿಲ್ಲ. ಆದರೆ ಅವಳು ಹಿಟ್ಟನ್ನು ಒತ್ತಿ ಒತ್ತಿ ತುಂಬುತ್ತಾಳೆ, ಆಗ ಲೆಕ್ಕವೇ ಬೇರೆ. ಬೇಳೆ ಒಂದು ರೀತಿ, ಹುರುಳಿ ಒಂದು ರೀತಿ, ಪುಡಿ ಮಾಡಿದ ಬೆಲ್ಲ ಇನ್ನೊಂದು ರೀತಿ. ಎಲ್ಲಕ್ಕೂ ಒಂದೇ ಇನ್ನೂರ ನಲವತ್ತು ಹಿಡಿದುಕೊಂಡು ಇಷ್ಟು ವರ್ಷ ಅವಳ ಮೇಲೆ ಹಾರಾಡಿದ್ದೆ.

ಅವಳು ಬಂದ ತಕ್ಷಣ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಎಲ್ಲವನ್ನೂ ಚೆನ್ನಾಗಿ ಗೆರೆ ಹಾಕಿ ಬರೆದೆ. ತಲೆ ತುಂಬಿದ ಪಾವು, ಅಕ್ಕಿ, ಮುನ್ನೂರು ಗ್ರಾಂ. ಒತ್ತಿದ ಪಾವು, ರಾಗಿಹಿಟ್ಟು, ಇಷ್ಟು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ, ಅವಳಿಗೆ ಅನುಕೂಲ ಆಗಲಿ ಎಂಬ ಹಾಗೆ. ಅವಳಿಗೆ ಕನ್ನಡ ಅಕ್ಷರ ಕೂಡಿಸಿಕೊಂಡು ಓದಲು ಬರುತ್ತಿತ್ತು. ಒದ್ದೆ ಬಟ್ಟೆಯ ಗಂಟನ್ನು ಸೊಂಟದಲ್ಲಿ ಇಟ್ಟುಕೊಂಡೇ ಓದಿದಳು. ತುಟಿ ಅಲುಗುತ್ತಿತ್ತು.

"ಎರಡು ವರ್ಷಕ್ಕೆ ಲೆಕ್ಕ ಸಿಕ್ತಾ?"

ನಾನು ತಕ್ಕಡಿಯನ್ನು ಚೀಲಕ್ಕೆ ಹಾಕತೊಡಗಿದೆ.

"ಗೋಡೆಗೆ ಯಾಕೆ ಹೇಳ್ತೀರಿ? ವಳ್ಳೂರಿಗೆ ಹೋಗಿ ಹೇಳಿ."

ಮಾರನೆಯ ದಿನ ಆ ಹಾಳೆ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿತ್ತು.

ಎರಡನೇ ಮಗುವಿಗೆ ಹೆಸರಿಡುವುದಕ್ಕೆ ಕರೆಯಲು ವಳ್ಳೂರಿಗೆ ಹೋದೆ. ಪಾವಗಡದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಬಿಸಿಲಿನಲ್ಲಿ ನಡೆದು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದೆ. ಅವತ್ತು ಒಂದು ಕಿಲೋ ಕಡಿಮೆ ತಂದೆ, ತಪ್ಪು ನನ್ನದು, ಮಗಳದ್ದಲ್ಲ. ಇಷ್ಟೇ.

ಮಾವ ಜಗಲಿಯ ಮೇಲಿದ್ದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ, "ಮೊದ್ಲು ಊಟ" ಅಂದರು. ಅತ್ತೆ ಎಲೆ ಹಾಕಿದರು. ಮಾವ ಪಕ್ಕದಲ್ಲಿ ನಿಂತುಕೊಂಡೇ ಇದ್ದರು. ಎಲೆಯಲ್ಲಿ ಜಾಗ ಕಂಡರೆ ಸಾಕು, "ಇಂಕಾ ವೆಯ್ಯಿ" ಎಂದು ಇನ್ನೂ ಹಾಕಿಸುತ್ತಿದ್ದರು. ಬೇಡ ಅಂದೆ. ಕೈ ಅಡ್ಡ ಹಿಡಿದೆ. ಕೈಯ ಮೇಲೇ ಅನ್ನ ಬಿತ್ತು.

"ಸಾಕು ಮಾವ, ಆಗಲ್ಲ."

"ತಿನ್ನಯ್ಯಾ. ನಮ್ಮನೇಲಿ ತಕ್ಕಡಿ ಇಲ್ಲ, ಎಷ್ಟಾಯ್ತು ಅಂತ ಗೊತ್ತಾಗಲ್ಲ."

ಅನ್ನ ಬಿಟ್ಟು ಏಳಲು ಧೈರ್ಯ ಬರಲಿಲ್ಲ. ಎಲ್ಲ ತಿಂದೆ. ಎದ್ದು ಹಿತ್ತಲಿಗೆ ಹೋಗಿ ಹೊಂಗೆ ಮರದ ಬುಡದಲ್ಲಿ ಕಕ್ಕಿದೆ. ಬಾಯಿ ತೊಳೆದುಕೊಂಡು ಬಂದಾಗ ಮಾವ ಅಲ್ಲೇ ನಿಂತಿದ್ದರು. ನಗುತ್ತಿರಲಿಲ್ಲ.

"ಎಷ್ಟು ಗ್ರಾಂ ಆಯ್ತು, ಅಲ್ಲುಡೂ?" ಅಳಿಯಾ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಜೋಡಿಸಿಕೊಂಡಿದ್ದ ಮಾತು ಅಲ್ಲೇ ಸತ್ತಿತು. ಹೆಸರಿಡುವುದಕ್ಕೆ ಬನ್ನಿ ಅಂದೆ. ಬರುವುದಿಲ್ಲ ಅಂದರು. ಮನೆಗೆ ಬಂದ ಮೇಲೆ ಹೆಂಡತಿ ಹೊಸಿಲಲ್ಲೇ ಕೇಳಿದಳು, ಹೇಳಿದ್ರಾ ಎಂದು. ಹೇಳಲು ಬಿಡಲಿಲ್ಲ ಅಂದೆ. "ಬಾಯಿಗೆ ಅನ್ನ ತುರುಕಿದ್ರೇನೋ" ಅಂದಳು. ನಡೆದದ್ದು ಅವಳಿಗೆ ಹೇಗೆ ತಿಳಿಯಬೇಕು, ಸುಮ್ಮನೆ ಚುಚ್ಚಿದ್ದು. ಅವತ್ತಿನ ಕೋಪಕ್ಕೆ ನಾನು ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟೆ.

ಅರವತ್ತರ ದಶಕದ ಕೊನೆಗೆ ಮಾವನಿಗೆ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಅವರ ಮಗ ಅವರನ್ನು ಮಧುಗಿರಿಯ ಆಸ್ಪತ್ರೆಗೆ ತಂದು ತೋರಿಸಿದ. ಮನೆಗೆ ಕರೆದುಕೊಂಡು ಹೋಗಿ, ಗಂಜಿ ಕೊಡಿ ಎಂದು ಡಾಕ್ಟರು ಹೇಳಿದರಂತೆ. ಹೊರಡುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿತ್ತು. ಬೇರೆ ದಾರಿ ಇಲ್ಲದೆ ಮಗ ಅವರನ್ನು ಜಟಕಾದಲ್ಲಿ ನಮ್ಮ ಮನೆಗೆ ತಂದ. ಮಾವ ಹೊಸಿಲ ಹತ್ತಿರ ಒಂದು ಕ್ಷಣ ನಿಂತರು. ಆಮೇಲೆ ಮಗನ ಭುಜ ಹಿಡಿದು ಒಳಗೆ ಬಂದರು.

ನನ್ನ ಹೆಂಡತಿ ಅಕ್ಕಿ ತೊಳೆಯಲು ಕೂತಳು. ಎಷ್ಟು ತರಲಿ ಎಂದು ಕೇಳಿದೆ. "ನೀವೇನೂ ತರಬೇಡಿ" ಅಂದಳು. ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಹಾಕಿದ್ದಳು. ಗಂಜಿ ಸಾಕಂತಲ್ಲ ಅಂದದ್ದಕ್ಕೆ ತಲೆ ಎತ್ತಿಯೂ ನೋಡಲಿಲ್ಲ.

ಮಾವ ಗೋಡೆಗೊರಗಿ ಎಲೆಯ ಮುಂದೆ ಕೂತರು. ಎರಡು ಅಗುಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ನುಂಗುವಾಗ ಕಣ್ಣು ಮುಚ್ಚಿದರು. ಆಮೇಲೆ ಮಗಳ ಕಡೆ ನೋಡಿ, ಇನ್ನೂ ಸ್ವಲ್ಪ ಹಾಕು ಎಂದರು. ಅವಳು ಹಾಕಿದಳು. ಅವರು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಹಾಕಮ್ಮ ಎಂದರು. ಅವಳು ಮತ್ತೆ ಹಾಕಿದಳು. ಹೀಗೆ ನಾಲ್ಕು ಸಲ ಆಯಿತು. ಎಲೆ ತುಂಬಿ ಅನ್ನ ನೆಲಕ್ಕೆ ಬಿತ್ತು. ಮಗ ಅವರನ್ನು ಎಬ್ಬಿಸಿ, ಕೈ ತೊಳೆಸಿ, ಜಗಲಿಯಲ್ಲಿ ಮಲಗಿಸಿದ.

ಅವಳು ಆ ಎಲೆಯ ಮುಂದೆಯೇ ಕೂತಿದ್ದಳು. ನಾನು ಅವಳ ಹಿಂದೆ ನಿಂತು, ಅವತ್ತು ಒಂದು ಕಿಲೋ ಕಡಿಮೆ ತಂದಿದ್ದೆ, ತಪ್ಪು ನನ್ನದು, ಎಂದೆ. ಎಂಟು ಹತ್ತು ವರ್ಷದ ಮೇಲೆ ಬಾಯಿಂದ ಬಂತು.

"ಗೊತ್ತು. ನನಗ್ಯಾಕೆ ಹೇಳ್ತೀರಿ? ಜಗಲೀಲಿ ಮಲಗವ್ರೆ. ಹೋಗಿ ಅವರಿಗೆ ಹೇಳಿ."

ಹೋದೆ. ಮಾವ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಎಬ್ಬಿಸಲು ಮನಸ್ಸು ಬರಲಿಲ್ಲ ಎಂದು ಹೇಳಿಕೊಳ್ಳಬಹುದು. ನಿಜ ಏನೆಂದರೆ, ನಿದ್ದೆ ಮಾಡುತ್ತಿರುವುದು ನೋಡಿ ನನಗೆ ನಿರಾಳವಾಯಿತು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಸೀಟಿಗೆ ಹತ್ತಿಸಿ ಕಿಟಕಿಯ ಹತ್ತಿರ ನಿಂತೆ. ಅವರು ನನ್ನನ್ನೇ ನೋಡುತ್ತಿದ್ದರು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಇದ್ದಳು.

"ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

"ಬುಡು ಅಂದ್ರು."

ಅವಳು ಸ್ವಲ್ಪ ಯೋಚಿಸಿದಳು. "ಅಪ್ಪ ಬುಡು ಅನ್ನಲ್ಲ. ಪೋನೀಲೇ ಅಂದಿರ್ತಾರೆ." ಹೋಗಲಿ ಬಿಡು ಎನ್ನುವುದಕ್ಕೆ ಅವರ ಮನೆಯ ಮಾತು.

"ಹೌದು. ಅದೇ."

ಅವತ್ತು ಅವಳು ಎಷ್ಟೋ ವರ್ಷದ ಮೇಲೆ ನನ್ನನ್ನು ಕೂರಿಸಿ ಬಡಿಸಿದಳು, ಪಕ್ಕದಲ್ಲಿ ತಾನೂ ಕೂತು ಉಂಡಳು. ಹದಿನೈದು ದಿನಕ್ಕೆ ಮಾವ ತೀರಿಕೊಂಡ ಸುದ್ದಿ ಬಂತು. ಅಳುವಾಗಲೂ ಅವಳು ನೆರೆಯವರಿಗೆ, ನಮ್ಮೆಜಮಾನ್ರ ಹತ್ರ ಪೋನೀಲೇ ಅಂದು ಹೋದ್ರು ಕಣಮ್ಮ, ಮನಸ್ಸಲ್ಲಿ ಏನೂ ಇಟ್ಕೊಳ್ಳಲಿಲ್ಲ, ಎಂದು ಹೇಳಿಕೊಂಡು ಅತ್ತಳು. ನಾನು ಅಲ್ಲೇ ಇದ್ದೆ. ಆಮೇಲೆ ಅವಳು ಆ ಮಾತನ್ನು ಮಕ್ಕಳಿಗೂ ಹೇಳಿದಳು, ಸೊಸೆಯಂದಿರಿಗೂ ಹೇಳಿದಳು. ಹೇಳಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ. ಇಷ್ಟು ವರ್ಷ ಬಾಳಿದೆವು, ಅವಳಿಗೆ ನಿಜ ಹೇಳಲಿಲ್ಲ. ಕೊನೆಯ ವಾರ ಅವಳಿಗೆ ಎಚ್ಚರ ಇದ್ದ ದಿನಗಳಲ್ಲಿಯೂ ಹೇಳಲಿಲ್ಲ.